ಕೊಟ್ಟು ಕೈಚಾಚಬೇಡಿ, ಬರೆಯದೆ ಕಣ್ಮುಚ್ಚಬೇಡಿ

ಮೂವತ್ತನೆಯ ದಿನದ ಪೂಜೆ ಮುಗಿದಿದೆ. ಸಮಾಧಿಯ ಮೇಲಿಟ್ಟ ಹೂವು ಇನ್ನೂ ಪೂರ್ತಿ ಬಾಡಿಲ್ಲ. ಬಂದ ನೆಂಟರು ಊಟ ಮುಗಿಸಿ, ಮಳೆ ಹಿಡಿಯುವ ಮೊದಲೇ ಕೊಟ್ಟಿಗೆಹಾರ ದಾಟಿಬಿಡೋಣವೆಂದು ಹೊರಟಿದ್ದಾರೆ. ಜಗಲಿಯಲ್ಲಿ ಮನೆಯವರಷ್ಟೇ ಉಳಿದಿದ್ದಾರೆ. ಆಗ ಒಬ್ಬರು ಗಂಟಲು ಸರಿಪಡಿಸಿಕೊಂಡು, "ಹಾಗಾದರೆ ತೋಟದ ವಿಷಯ ಏನು ಮಾಡುವುದು?" ಎಂದು ಕೇಳುತ್ತಾರೆ. ಒಳಗೆ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಥಟ್ಟನೆ ನಿಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾಗಿದ್ದ ವ್ಯಕ್ತಿ ಒಂದು ತಿಂಗಳ ಹಿಂದೆಯೇ ಮಣ್ಣು ಸೇರಿದ್ದಾರೆ. ಬದುಕಿದ್ದಾಗ ಅವರನ್ನು ಯಾರೂ ಕೇಳಲಿಲ್ಲ; ಅವರಾಗಿಯೇ ಹೇಳಲೂ ಇಲ್ಲ.

ಈ ಮನೆಗೆ ಹೆಸರು ಬೇಡ. ಬಾಳೂರಿನಿಂದ ಕಳಸದವರೆಗೆ, ಬಣಕಲ್‌ನಿಂದ ಬಾಳೆಹೊನ್ನೂರಿನವರೆಗೆ, ಇಂತಹ ಜಗಲಿಯನ್ನು ಕಾಣದ ಧರ್ಮಕೇಂದ್ರ ಯಾವುದು? ಒಂದೇ ಬೆಂಚಿನಲ್ಲಿ ಕುಳಿತು ಪೂಜೆ ಕೇಳುತ್ತಿದ್ದ ಅಣ್ಣತಮ್ಮಂದಿರು ಈಗ ದೇವಾಲಯದ ಎರಡು ಬದಿಗಳಲ್ಲಿ ಕುಳಿತುಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಶಾಂತಿಯ ಕುರುಹನ್ನು ಪರಸ್ಪರ ನೀಡಬೇಕಾದ ಗಳಿಗೆಯಲ್ಲಿ ಇಬ್ಬರೂ ನೆಲ ನೋಡುವುದನ್ನೂ ನೋಡಿದ್ದೇವೆ. ಕಾಫಿಯ ಬೆಲೆ ಏರಿದಷ್ಟೂ ಈ ಮೌನ ಆಳವಾಗುತ್ತದೆ.

ಇದಕ್ಕೊಂದು ಹೊಸ ಮದ್ದು ಇತ್ತೀಚೆಗೆ ನಮ್ಮ ಬೆಟ್ಟಗಳಿಗೂ ಬಂದಿದೆ. ಅಮೆರಿಕದಲ್ಲಿರುವ ಮಗ ಭಾನುವಾರ ಫೋನು ಮಾಡಿದಾಗ ಹೇಳುತ್ತಾನೆ: "ಅಪ್ಪಾ, ಇಲ್ಲಿ ಎಲ್ಲರೂ ಲಿವಿಂಗ್ ಟ್ರಸ್ಟ್ ಮಾಡಿಸುತ್ತಾರೆ. ನೀವೂ ತೋಟವನ್ನು ಒಂದು ಟ್ರಸ್ಟಿಗೆ ಬರೆದುಬಿಡಿ. ಆಮೇಲೆ ಕೋರ್ಟು ಕಚೇರಿ ಯಾವುದೂ ಇಲ್ಲ." ಪೇಟೆಯಿಂದ ಬರುವ ಸಲಹೆಗಾರರೂ ಇದನ್ನೇ ಚೆಂದದ ಕಡತದಲ್ಲಿಟ್ಟು ತೋರಿಸುತ್ತಾರೆ. ನಾನು ವಕೀಲನಲ್ಲ. ಆದರೆ ಕಾಯ್ದೆಯನ್ನು ಓದಿದ್ದೇನೆ, ಮನೆಗಳನ್ನು ಕಂಡಿದ್ದೇನೆ. ಆ ಧೈರ್ಯದಿಂದಲೇ ಹೇಳುತ್ತೇನೆ: ನಮ್ಮ ಬಹುಪಾಲು ಕುಟುಂಬಗಳಿಗೆ ಬೇಕಾದದ್ದು ಈ ಆಮದು ಮದ್ದಲ್ಲ. ಬೇಕಾದದ್ದು ಎರಡು ಹಾಳೆಯ ಒಂದು ಉಯಿಲು, ಮತ್ತು ಅದನ್ನು ಮನೆಮಂದಿಯ ಮುಂದೆ ಓದಿ ಹೇಳುವ ಎದೆಗಾರಿಕೆ.

ಬರೆಯದಿದ್ದರೆ ಏನಾಗುತ್ತದೆ?

ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಮೊದಲು ಕಿತ್ತುಹಾಕೋಣ. ನೆರೆಹೊರೆಯ ಹಿಂದೂ ಕುಟುಂಬಗಳ ಮಾತು ಕೇಳಿ ಕೇಳಿ ನಮ್ಮ ಹುಡುಗರೂ 'ಪಿತ್ರಾರ್ಜಿತ' ಎನ್ನುತ್ತಾರೆ. ಹುಟ್ಟಿನಿಂದಲೇ ತಮಗೆ ತೋಟದಲ್ಲಿ ಪಾಲಿದೆಯೆಂದು ನಂಬುತ್ತಾರೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಹಾಗೆ ಹುಟ್ಟಿನಿಂದ ಬರುವ ಹಕ್ಕೆಂಬುದಿಲ್ಲ. ತಂದೆಯ ಹೆಸರಿನ ಆಸ್ತಿ, ಅದು ಅಜ್ಜನಿಂದ ಬಂದದ್ದೇ ಆಗಿರಲಿ, ತಂದೆ ಬದುಕಿರುವಷ್ಟು ಕಾಲ ತಂದೆಯದೇ. ತಾಯಿಯ ಹೆಸರಿನದು ತಾಯಿಯದೇ.

ಉಯಿಲು ಬರೆಯದೆ ತಂದೆ ತೀರಿಕೊಂಡರೆ ಕಾಯ್ದೆ ಲೆಕ್ಕ ಹಾಕುತ್ತದೆ. ಒಂಬತ್ತು ಎಕರೆ ತೋಟ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮದುವೆಯಾದ ಮಗಳು ಎಂದಿಟ್ಟುಕೊಳ್ಳಿ. ಮೂರನೆಯ ಒಂದು ಭಾಗ, ಅಂದರೆ ಮೂರು ಎಕರೆ, ವಿಧವೆಗೆ. ಉಳಿದ ಆರು ಎಕರೆ ಮೂವರು ಮಕ್ಕಳಿಗೆ ಸಮನಾಗಿ ತಲಾ ಎರಡು ಎಕರೆ. ಮಗಳಿಗೆ ಮದುವೆಯಾಗಿದೆಯೇ, ಎಷ್ಟು ಬಂಗಾರ ಕೊಟ್ಟಿದ್ದೀರಿ ಎಂದು ಕಾಯ್ದೆ ಕೇಳುವುದಿಲ್ಲ. ಮಕ್ಕಳಲ್ಲಿ ಒಬ್ಬರು ಮೊದಲೇ ತೀರಿಕೊಂಡಿದ್ದರೆ ಅವರ ಪಾಲು ಅವರ ಮಕ್ಕಳಿಗೆ ಸಲ್ಲುತ್ತದೆ. ಮುಂದೆ ತಾಯಿಯೂ ಬರೆಯದೆ ತೀರಿಕೊಂಡರೆ ಆಕೆಯ ಮೂರು ಎಕರೆಯೂ ಮೂವರು ಮಕ್ಕಳಿಗೆ ಸಮಪಾಲು.

ಇಷ್ಟು ನ್ಯಾಯವಾದ ಕಾಯ್ದೆ ಇರುವಾಗ ಬರೆಯುವ ಅಗತ್ಯವೇನು ಎಂದು ನೀವು ಕೇಳಬಹುದು. ಕಾಯ್ದೆಗೆ ಭಾಗಾಕಾರ ಗೊತ್ತು, ತೋಟ ಗೊತ್ತಿಲ್ಲ. ಪಲ್ಪರ್ ಮನೆ ಯಾರ ಪಾಲಿನಲ್ಲಿ ಬೀಳಬೇಕು, ಕಣ ಯಾರದು, ಕೆರೆಯ ನೀರನ್ನು ಯಾರು ಎಷ್ಟು ಎತ್ತಬೇಕು, ಮೇಲಿನ ಪಟ್ಟೆಗೆ ಲಾರಿ ಹೋಗುವ ದಾರಿ ಯಾರ ನೆಲದ ಮೇಲೆ ಹಾದುಹೋಗಬೇಕು, ಇವು ಯಾವುದೂ ಕಾಯ್ದೆಯ ಪುಸ್ತಕದಲ್ಲಿಲ್ಲ. ರಸ್ತೆ ಬದಿಯ ಎರಡು ಎಕರೆ ರೊಬಸ್ಟಾ ಮತ್ತು ಕಡಿದಾದ ಗುಡ್ಡದ ಎರಡು ಎಕರೆ ಅರೇಬಿಕಾ ಅಳತೆಯಲ್ಲಿ ಒಂದೇ. ಬದುಕಿನಲ್ಲಿ ಒಂದೇ ಅಲ್ಲ. ಇದನ್ನು ತೂಗಿ ನೋಡಬಲ್ಲವರು ಆ ಗಿಡಗಳನ್ನು ನೆಟ್ಟವರು ಮಾತ್ರ. ಅವರು ಬಾಯಿ ಬಿಡದೆ ಹೋದರೆ ಆ ತಕ್ಕಡಿ ಅಮೀನರ ಕೈಗೆ, ಸರ್ವೆಯರ ಕೈಗೆ, ಕೊನೆಗೆ ವಿಭಾಗ ದಾವೆ ಕೇಳುವ ನ್ಯಾಯಾಧೀಶರ ಕೈಗೆ ಹೋಗುತ್ತದೆ.

ಇನ್ನೊಂದು ಕಹಿ ಸತ್ಯವೂ ಇದೆ. ಎಷ್ಟೋ ಮನೆಗಳ ಪಹಣಿಯಲ್ಲಿ ಇಂದಿಗೂ ತೀರಿಹೋದ ಅಜ್ಜನ ಹೆಸರೇ ಇದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡವೇ ಜಾರಿ ಮನೆ ತೋಟಗಳು ಹೋದುದನ್ನು ನಾವು ಮರೆತಿಲ್ಲ. ಅಂತಹ ದಿನ ಪರಿಹಾರದ ಅರ್ಜಿಗೆ ಮೊದಲು ಕೇಳುವುದು ಪಹಣಿ, ಬೆಳೆಸಾಲಕ್ಕೂ ಅದೇ. ಸತ್ತವರ ಸಹಿಯನ್ನು ತರುವವರಾರು? ಪೌತಿ ಖಾತೆ ಮಾಡಿಸಿಕೊಳ್ಳುವುದನ್ನು ಇನ್ನಾದರೂ ಮುಂದೂಡದಿರಿ. ಆದರೆ ಒಬ್ಬ ಮಗನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲವೆಂಬುದೂ ತಿಳಿದಿರಲಿ. ಬ್ಯಾಂಕಿನ ಠೇವಣಿಯ ನಾಮಿನಿಯ ಮಾತೂ ಅಷ್ಟೇ: ಹಣವನ್ನು ಪಡೆಯುವ ಕೈ ಅದು; ಹಣ ಸಲ್ಲಬೇಕಾದದ್ದು ವಾರಸುದಾರರಿಗೆ.

ಬದುಕಿರುವಾಗಲೇ ಕೊಟ್ಟುಬಿಟ್ಟರೆ?

ಮೌನದ ತಪ್ಪಿಗೆ ಹೆದರಿ ಕೆಲವರು ಎದುರು ದಿಕ್ಕಿಗೆ ಓಡುತ್ತಾರೆ. ಮಗ ಒತ್ತಾಯಿಸಿದ, ಸೊಸೆ ಮುಖ ಗಂಟಿಕ್ಕಿದಳು, ಬ್ಯಾಂಕಿನ ಸಾಲಕ್ಕೆ ಬೇಕೆಂದರು ಎಂದು ಉಪನೋಂದಣಿ ಕಚೇರಿಗೆ ಹೋಗಿ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಹೋಗುವಾಗ ಮುಂದಿನ ಸೀಟಿನಲ್ಲಿ ಕುಳಿತಿದ್ದ ಅಪ್ಪ ಬರುವಾಗಲೂ ಮುಂದಿನ ಸೀಟಿನಲ್ಲೇ ಕುಳಿತಿರುತ್ತಾರೆ, ನಿಜ. ಆದರೆ ಮರುವರ್ಷದ ಕೊಯ್ಲಿಗೆ ಆಳುಗಳ ಸಂಬಳ ಕೊಡಲು ಮಗನ ಮುಂದೆ ನಿಲ್ಲಬೇಕಾಗುತ್ತದೆ. ಅದರ ಮರುವರ್ಷ ಮಾತ್ರೆಗೂ.

ನಮ್ಮ ಪವಿತ್ರ ಗ್ರಂಥ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಸಿರಾಖನ ಗ್ರಂಥದ 33ನೆಯ ಅಧ್ಯಾಯವನ್ನು ಇಂದು ಸಂಜೆ ಜಪಮಾಲೆಯ ನಂತರ ಓದಿ ನೋಡಿ. ಉಸಿರಿರುವ ತನಕ ಮಗನಿಗಾಗಲಿ, ಮಡದಿಗಾಗಲಿ, ಒಡಹುಟ್ಟಿದವನಿಗಾಗಲಿ, ಗೆಳೆಯನಿಗಾಗಲಿ ನಿನ್ನ ಮೇಲೆ ಅಧಿಕಾರ ಕೊಡಬೇಡ, ನಿನ್ನ ಸ್ವತ್ತನ್ನು ಬಿಟ್ಟುಕೊಟ್ಟು ಮತ್ತೆ ಬೇಡುವ ಗತಿ ತಂದುಕೊಳ್ಳಬೇಡ ಎಂಬುದು ಆ ಜ್ಞಾನಿಯ ಬುದ್ಧಿಮಾತಿನ ಸಾರ. ಮಕ್ಕಳು ನಿನ್ನನ್ನು ಕೇಳುವುದು ಲೇಸು; ನೀನು ಮಕ್ಕಳ ಕೈ ನೋಡುವುದಲ್ಲ. ಹಂಚುವ ಕಾಲ ಯಾವುದು? ಬಾಳಿನ ಕೊನೆಯ ದಿನ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಮಾತು ನಮ್ಮ ಕಾಫಿ ತೋಟಗಳನ್ನು ನೋಡಿಯೇ ಬರೆದಂತಿದೆ.

'ದುಂದುಗಾರ ಮಗನ ತಂದೆ ಬದುಕಿರುವಾಗಲೇ ಪಾಲು ಕೊಡಲಿಲ್ಲವೇ?' ಎಂದು ವಾದಿಸುವವರಿದ್ದಾರೆ. ಕೊಟ್ಟರು, ಆ ಪಾಲು ಏನಾಯಿತೆಂಬುದೂ ಅದೇ ಸಾಮತಿಯಲ್ಲಿದೆ. ಮೇಲಾಗಿ ಆ ತಂದೆ ಮನೆಯ ಯಜಮಾನಿಕೆಯನ್ನು ಬಿಡಲಿಲ್ಲ. ಕೊಬ್ಬಿಸಿದ ಕರುವನ್ನು ಕೊಯ್ಯಿರಿ ಎಂದು ಆಜ್ಞಾಪಿಸುವ ಅಧಿಕಾರ ಅವರ ಬಳಿಯೇ ಉಳಿದಿತ್ತು. ಉಳಿದಿದ್ದರಿಂದಲೇ ಮರಳಿ ಬಂದ ಮಗನನ್ನು ಸ್ವಾಗತಿಸಲು ಸಾಧ್ಯವಾಯಿತು. ಎಲ್ಲವನ್ನೂ ಹಿರಿಯ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರೆ ಬಾಗಿಲು ತೆರೆಯುತ್ತಿದ್ದವರು ಯಾರು?

ಒಮ್ಮೆ ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹರಿದುಹಾಕುವಂತಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯ 23ನೆಯ ಕಲಮು ಅರವತ್ತು ದಾಟಿದವರಿಗೆ ಒಂದು ಬಾಗಿಲು ತೆರೆದಿದೆ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ಪತ್ರವನ್ನು ಅನೂರ್ಜಿತಗೊಳಿಸಬಹುದು. ಆದರೆ ಆ ಷರತ್ತು ಇತ್ತೆಂದು ತೋರಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ತೀರ್ಮಾನಿಸಿ, ಮಗನಿಗೆ ಬರೆದುಕೊಟ್ಟ ಆಸ್ತಿಯನ್ನು ತಾಯಿಗೆ ಮರಳಿಸಿತು. ಸಂತೋಷ. ಆದರೆ ಆ ತಾಯಿ ಅದಕ್ಕಾಗಿ ದೆಹಲಿಯವರೆಗೆ ಹೋಗಬೇಕಾಯಿತೆಂಬುದನ್ನು ಮರೆಯಬೇಡಿ. ಬಾಳೂರಿನಿಂದ ಚಿಕ್ಕಮಗಳೂರಿಗೆ ಬಸ್ಸು ಹತ್ತುವುದೇ ಕಷ್ಟವಾದ ವಯಸ್ಸಿನಲ್ಲಿ ಯಾವ ತಾಯಿ ದೆಹಲಿಗೆ ಹೋದಾಳು?

ಇನ್ನೊಂದು ಅಪಾಯವನ್ನು ಯಾರೂ ಯೋಚಿಸುವುದಿಲ್ಲ. ತೋಟವನ್ನೆಲ್ಲ ಮಗನಿಗೆ ಕೊಟ್ಟ ಮೇಲೆ ಮಗನೇ ಮೊದಲು ತೀರಿಕೊಂಡರೆ? ಉಯಿಲಿಲ್ಲದೆ ಹೋದ ಮಗನ ಆಸ್ತಿ ಅವನ ಹೆಂಡತಿಗೂ ಮಕ್ಕಳಿಗೂ ಸಲ್ಲುತ್ತದೆ. ಅವನಿಗೆ ಮಕ್ಕಳಿದ್ದರೆ ಕಾಯ್ದೆಯ ಪ್ರಕಾರ ಹೆತ್ತವರಿಗೆ ಒಂದು ಗುಂಟೆಯೂ ಇಲ್ಲ. ಗಿಡ ನೆಟ್ಟ ಕೈಗೆ ಒಂದು ಹಿಡಿ ಹಣ್ಣೂ ಇಲ್ಲ.

ಹಾಗಾದರೆ ಟ್ರಸ್ಟ್ ಏನು ಮಾಡುತ್ತದೆ?

ಅಮೆರಿಕದ 'ಹಿಂತೆಗೆದುಕೊಳ್ಳಬಹುದಾದ ಜೀವಂತ ಟ್ರಸ್ಟ್' ಹೀಗಿದೆ: ಮನೆ ಜಮೀನುಗಳ ಮಾಲೀಕ ತನ್ನ ಸ್ವತ್ತನ್ನು ಒಂದು ಟ್ರಸ್ಟಿನ ಹೆಸರಿಗೆ ವರ್ಗಾಯಿಸಿ, ತಾನೇ ಅದರ ಮೊದಲ ಟ್ರಸ್ಟಿಯಾಗಿರುತ್ತಾನೆ. ಬದುಕಿರುವಷ್ಟು ಕಾಲ ಅನುಭವಿಸುತ್ತಾನೆ, ಬೇಡವೆನಿಸಿದರೆ ರದ್ದುಮಾಡುತ್ತಾನೆ. ಸತ್ತ ಮೇಲೆ ಅವನು ಹೆಸರಿಸಿದ ಮುಂದಿನ ಟ್ರಸ್ಟಿ ಆ ಸ್ವತ್ತನ್ನು ನ್ಯಾಯಾಲಯದ ಮೆಟ್ಟಿಲು ಹತ್ತದೆ ಹಂಚುತ್ತಾನೆ. ಅಲ್ಲಿ ಇದು ಜನಪ್ರಿಯವಾದದ್ದಕ್ಕೆ ಮುಖ್ಯ ಕಾರಣ ಪ್ರೊಬೇಟ್, ಅಂದರೆ ಉಯಿಲನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ದೀರ್ಘವೂ ದುಬಾರಿಯೂ ಆದ ಪ್ರಕ್ರಿಯೆ. 1965ರಲ್ಲಿ ನಾರ್ಮನ್ ಡೇಸಿ ಎಂಬಾತ ಪ್ರೊಬೇಟನ್ನು ತಪ್ಪಿಸಿಕೊಳ್ಳುವುದು ಹೇಗೆಂದು ಬರೆದ ಪುಸ್ತಕ ಅಲ್ಲಿ ಭಾರೀ ಮಾರಾಟವಾಯಿತು. ಆ ದೇಶದ ಕಾಯಿಲೆಗೆ ಅದು ಆ ದೇಶದ ಮದ್ದು.

ನಮಗೆ ಆ ಕಾಯಿಲೆ ಇದೆಯೇ? 2002ರ ತಿದ್ದುಪಡಿಯ ನಂತರ ಭಾರತೀಯ ಕ್ರೈಸ್ತರು ತಮ್ಮ ಉಯಿಲಿಗೆ ಪ್ರೊಬೇಟ್ ಪಡೆಯಲೇಬೇಕೆಂಬ ಕಡ್ಡಾಯವಿಲ್ಲ. ಸತ್ತವರ ಆಸ್ತಿಯ ಮೇಲೆ ತೆರಿಗೆ ಬೀಳುತ್ತದೆಂದು ಹೆದರಿಸುವವರೂ ಇದ್ದಾರೆ. 1953ರಲ್ಲಿ ಬಂದ ಎಸ್ಟೇಟ್ ಸುಂಕ 1985ರಲ್ಲಿಯೇ ರದ್ದಾಗಿದೆ. ಹಿಂತೆಗೆದುಕೊಳ್ಳಬಹುದಾದ ಟ್ರಸ್ಟಿನಿಂದ ಆದಾಯ ತೆರಿಗೆಯೂ ತಪ್ಪದು. ಅದರ ಆದಾಯವನ್ನು ಬರೆದುಕೊಟ್ಟವರ ಆದಾಯವೆಂದೇ ಕಾಯ್ದೆ ಎಣಿಸುತ್ತದೆ. ಇನ್ನು ಉಳಿದ ಲಾಭವೇನು?

ತೊಡಕುಗಳು ಮಾತ್ರ ಸಾಲುಗಟ್ಟಿವೆ. ನಮ್ಮಲ್ಲಿ ಟ್ರಸ್ಟುಗಳನ್ನು ಆಳುವುದು 1882ರ ಭಾರತೀಯ ಟ್ರಸ್ಟ್ ಕಾಯ್ದೆ. ಬದುಕಿರುವಾಗಲೇ ಜಮೀನನ್ನು ಟ್ರಸ್ಟಿಗೆ ಕೊಡಬೇಕಾದರೆ ಪತ್ರ ಬರೆದು ನೋಂದಾಯಿಸಬೇಕು. ಮುದ್ರಾಂಕ ಶುಲ್ಕ, ಖಾತೆ ಬದಲಾವಣೆ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಎಲ್ಲವೂ ಬೆನ್ನಿಗೆ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ರದ್ದುಮಾಡುವ ಅಧಿಕಾರ ನನಗಿದೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿಡದಿದ್ದರೆ, ಆ ಕಾಯ್ದೆಯ 78ನೆಯ ಕಲಮಿನಂತೆ ಸಾಮಾನ್ಯವಾಗಿ ಎಲ್ಲ ಫಲಾನುಭವಿಗಳ ಒಪ್ಪಿಗೆ ಬೇಕು, ಅವರೆಲ್ಲರೂ ಒಪ್ಪಂದ ಮಾಡಿಕೊಳ್ಳಲು ಅರ್ಹರಾಗಿರಬೇಕು. ಐದು ವರ್ಷದ ಮೊಮ್ಮಗುವಿನ ಹೆಸರು ಅದರಲ್ಲಿ ಸೇರಿದ್ದರೆ? ಅದು ಪ್ರಾಯಕ್ಕೆ ಬರುವವರೆಗೆ ಕಾಯಬೇಕು. 'ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು' ಎಂಬ ಬಾಯಿಮಾತು ನಂಬಿ ಸಹಿ ಮಾಡಿದ ಅಜ್ಜನಿಗೆ ಆ ಒಂದು ಸಾಲು ಪತ್ರದಲ್ಲಿಲ್ಲವೆಂಬುದು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯ ಬೇಕೇ? ಉಯಿಲಿನಲ್ಲಿ ಅದು ಹುಟ್ಟಿನಿಂದಲೇ ಇದೆ. ಬರೆದವರು ಬದುಕಿರುವಷ್ಟು ಕಾಲ, ಬುದ್ಧಿ ಸ್ಥಿಮಿತದಲ್ಲಿರುವಷ್ಟು ಕಾಲ, ಅದನ್ನು ಬದಲಿಸಬಹುದು, ಹರಿಯಬಹುದು, ಹೊಸದು ಬರೆಯಬಹುದು. ಅಲ್ಲಿಯವರೆಗೆ ತೋಟ ನಿಮ್ಮದೇ, ಖಾತೆ ನಿಮ್ಮದೇ, ಕಾಫಿ ಮಾರಿದ ಹಣವೂ ನಿಮ್ಮದೇ. ಸಾವಿರಾರು ರೂಪಾಯಿ ಕೊಟ್ಟು ಟ್ರಸ್ಟಿನಿಂದ ಕೊಳ್ಳಬೇಕೆನ್ನುವುದನ್ನು ಉಯಿಲು ಒಂದು ಬಿಳಿ ಹಾಳೆಯ ಬೆಲೆಗೆ ಕೊಡುತ್ತದೆ. ಅದಕ್ಕೆ ಮುದ್ರಾಂಕ ಶುಲ್ಕವೂ ಇಲ್ಲ.

ವಿದೇಶದಲ್ಲಿರುವ ಮಕ್ಕಳ ವಿಷಯದಲ್ಲಿ ಈ ಭೇದ ಇನ್ನೂ ದೊಡ್ಡದು. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಮಗನೋ ಮಗಳೋ ಕೃಷಿ ಜಮೀನನ್ನಾಗಲಿ ಕಾಫಿ ತೋಟವನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ವಾರಸಾಗಿ ಮಾತ್ರ ಪಡೆಯಬಹುದು. ಫೋನಿನಲ್ಲಿ 'ಬರೆದುಬಿಡಿ' ಎನ್ನುವ ಮಗನಿಗೆ ಇದು ಗೊತ್ತಿದೆಯೇ ಎಂದು ಮುಂದಿನ ಭಾನುವಾರ ಕೇಳಿನೋಡಿ.

ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಟ್ರಸ್ಟ್ ನಿಜವಾಗಿ ಬೇಕಾದ ಮನೆಗಳಿವೆ. ಬೌದ್ಧಿಕ ನ್ಯೂನತೆಯುಳ್ಳ ಮಗುವಿನ ತಂದೆತಾಯಿ ತಮ್ಮ ನಂತರ ಆ ಮಗುವಿನ ಅನ್ನ, ಔಷಧಿಗಳಿಗಾಗಿ ಒಂದು ತುಂಡು ಆಸ್ತಿಯನ್ನು ಟ್ರಸ್ಟಿನಲ್ಲಿಡುವುದು ವಿವೇಕದ ಕೆಲಸ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಸಮಿತಿಯಿಂದ ಅಂತಹವರಿಗೆ ಪೋಷಕರನ್ನು ನೇಮಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಮರೆವಿನ ಕಾಯಿಲೆ ಬಂದಾಗಲೂ ಟ್ರಸ್ಟಿಗೆ ಒಂದು ಅನುಕೂಲವುಂಟು. ಉಯಿಲು ಸಾವಿನ ನಂತರವೇ ಮಾತಾಡುತ್ತದೆ. ಮುಖ್ತಾರ್‌ನಾಮೆ ಕೊಟ್ಟವರ ಬುದ್ಧಿ ಮಂಕಾದಾಗ ಅದರ ಬಲವೂ ಬೀಳುತ್ತದೆ. ಅಂಥ ಸಂದರ್ಭ ಕಂಡುಬರುವ ಮನೆಯವರು ಒಳ್ಳೆಯ ವಕೀಲರ ಬಳಿ ಹೋಗಲಿ, ರದ್ದತಿಯ ಅಧಿಕಾರವನ್ನು ಬರೆಸಿಕೊಳ್ಳಲಿ. ಮಗುವಿಗಾಗಿ ಮಾಡುವ ಏರ್ಪಾಡನ್ನು ಉಯಿಲಿನೊಳಗೇ ಬರೆದಿಡಲೂ ಬರುತ್ತದೆ. ನನ್ನ ಜಗಳ ಟ್ರಸ್ಟಿನ ಜೊತೆಗಲ್ಲ. ಅಗತ್ಯವಿಲ್ಲದವರಿಗೆ ಅದನ್ನು ಮಾರುವವರ ಜೊತೆಗೆ, ಮತ್ತು ಅದನ್ನು ಪರದೆಯಾಗಿ ಬಳಸುವವರ ಜೊತೆಗೆ.

ಪರದೆಯ ಹಿಂದೆ ಯಾರಿದ್ದಾರೆ?

ಪರದೆ ಎಂದೆ, ಏಕೆಂದರೆ ಇಂತಹ ಪತ್ರಗಳ ಫಲಾನುಭವಿಗಳ ಪಟ್ಟಿಯನ್ನು ಓದಿದರೆ ಹಲವು ಬಾರಿ ಒಂದು ಹೆಸರು ಕಾಣುವುದಿಲ್ಲ. ಅದು ಮಗಳ ಹೆಸರು. 'ಕುಟುಂಬದ ಟ್ರಸ್ಟ್' ಎನ್ನುತ್ತಾರೆ, ಕುಟುಂಬವೆಂದರೆ ಗಂಡುಮಕ್ಕಳು. 'ತೋಟ ಒಡೆಯಬಾರದು' ಎನ್ನುತ್ತಾರೆ. ಇಬ್ಬರು ಗಂಡುಮಕ್ಕಳ ನಡುವೆ ಒಡೆಯುವಾಗ ನೋಯದ ತೋಟ ಮಗಳ ಹೆಸರೆತ್ತಿದೊಡನೆ ನೋಯುತ್ತದೆ!

ಇದು ಟ್ರಸ್ಟಿನಿಂದ ಶುರುವಾದ ಪಾಪವಲ್ಲ. ಘಟ್ಟದ ಕೆಳಗಿನಿಂದ ಬಂದವರಿರಲಿ, ಕೇರಳದಿಂದ ಬಂದು ನೆಲೆಸಿದವರಿರಲಿ, ಎಲ್ಲರ ಗಂಟಿನಲ್ಲೂ ಇದು ಬಂದಿದೆ. ತಿರುವಾಂಕೂರಿನಲ್ಲಿ 1916ರ ಕ್ರೈಸ್ತ ಉತ್ತರಾಧಿಕಾರ ಕಾಯ್ದೆ ಮಗಳಿಗೆ ಕೊಟ್ಟದ್ದು ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಕೊಟ್ಟಾಯಂನ ಶಿಕ್ಷಕಿ ಮೇರಿ ರಾಯ್ ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1986ರಲ್ಲಿ ಗೆದ್ದರು. ಹೆಣ್ಣುಮಕ್ಕಳಿಗೂ ಸಮಪಾಲು ಎಂದಾಯಿತು. ಆ ಮೇಲೆ ನಡೆದದ್ದೇನು? ಸಮಪಾಲು ತಪ್ಪಿಸಲು ಉಯಿಲು ಬರೆಯುವ ಅವಸರ. ಕಾಯ್ದೆ ಕೊಟ್ಟದ್ದನ್ನು ಅಪ್ಪನ ಲೇಖನಿ ಕಿತ್ತುಕೊಂಡಿತು.

ಆದುದರಿಂದ ಉಯಿಲು ಬರೆಯಿರಿ ಎಂದು ಹೇಳುವಾಗ ನನಗೆ ಒಂದು ಭಯವೂ ಇದೆ. ಕ್ರೈಸ್ತ ತಂದೆಗೆ ತನ್ನ ಆಸ್ತಿಯನ್ನು ಇಷ್ಟಬಂದವರಿಗೆ ಬರೆಯುವ ಪೂರ್ಣ ಸ್ವಾತಂತ್ರ್ಯವಿದೆ. ಅನ್ಯಾಯದ ಉಯಿಲಿಗಿಂತ ಉಯಿಲೇ ಇಲ್ಲದಿರುವುದು ಮೇಲು. ಆಗ ಕಾಯ್ದೆಯಾದರೂ ಮಗಳನ್ನು ನೆನೆಯುತ್ತದೆ. 'ಮದುವೆಗೆ ಖರ್ಚು ಮಾಡಿಲ್ಲವೇ' ಎನ್ನುವವರು ಮಗನ ಓದಿಗೆ, ಅವನ ಜೀಪಿಗೆ, ಅವನ ಮದುವೆಗೆ ಮಾಡಿದ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆಯಲಿ.

ಮದುವೆಯ ಹೊತ್ತಿನಲ್ಲಿ ಮಗಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಜಾಣರಿಗೆ ಒಂದು ಮಾತು. ತಂದೆ ಬದುಕಿರುವಾಗ ಮಗಳಿಗೆ ಇರುವುದು ಮುಂದೆ ವಾರಸುದಾರಳಾಗಬಹುದೆಂಬ ನಿರೀಕ್ಷೆ ಮಾತ್ರ. ಅಂತಹ ನಿರೀಕ್ಷೆಯನ್ನು ವರ್ಗಾಯಿಸಲಾಗದೆಂದು ಆಸ್ತಿ ವರ್ಗಾವಣೆ ಕಾಯ್ದೆಯ 6ನೆಯ ಕಲಮು ಹೇಳುತ್ತದೆ. ಹಣ ಪಡೆದು ಸಹಿ ಮಾಡಿದ್ದರೆ ನ್ಯಾಯಾಲಯ ಬೇರೆ ರೀತಿ ಯೋಚಿಸಲೂಬಹುದು. ಆದರೆ ತಲೆತಗ್ಗಿಸಿ ನಿಂತ ಮದುಮಗಳಿಂದ ಬರಿಗೈಯಲ್ಲಿ ಪಡೆದ ಸಹಿ ನಿಮ್ಮ ಮನಸ್ಸಾಕ್ಷಿಯನ್ನೂ ಉಳಿಸದು, ದಾವೆಯನ್ನೂ ನಿಲ್ಲಿಸದು.

ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಎದುರು, ಇಡೀ ಸಭೆಯ ಎದುರು ನಿಂತು ತಂದೆಯ ಸ್ವಾಸ್ತ್ಯದಲ್ಲಿ ಪಾಲು ಕೇಳುತ್ತಾರೆ. ಮೋಶೆ ಅವರನ್ನು ಗದರಿಸಲಿಲ್ಲ. ದೇವರ ಸನ್ನಿಧಿಗೆ ಅವರ ಅಹವಾಲನ್ನು ಒಯ್ದರು. ಆ ಹೆಣ್ಣುಮಕ್ಕಳ ಮಾತು ಸರಿ ಎಂಬ ಉತ್ತರ ಬಂತು. ನಮ್ಮ ಮನೆಗಳಲ್ಲಿ ಹಾಗೆ ಕೇಳಿದ ಮಗಳಿಗೆ ಸಿಗುವ ಉತ್ತರವೇನು? 'ತವರಿನ ಬಾಗಿಲು ಮುಚ್ಚಿಕೊಳ್ಳುತ್ತೀಯಾ?' ಎಂಬುದೇ ಅಲ್ಲವೇ?

ದೇವಾಲಯಕ್ಕೆ ಬರೆದುಕೊಡುವವರ ಬಗೆಗೂ ಒಂದು ಮಾತು ಸಲ್ಲುತ್ತದೆ. ಕ್ರೈಸ್ತರು ಧರ್ಮಕಾರ್ಯಗಳಿಗೆ ಉಯಿಲಿನ ಮೂಲಕ ಕೊಡುವುದಕ್ಕೆ ಹಿಂದೆ ಇದ್ದ ವಿಶೇಷ ನಿರ್ಬಂಧವನ್ನು, ಕಾಯ್ದೆಯ 118ನೆಯ ಕಲಮನ್ನು, ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ತೆಗೆದುಹಾಕಿತು. ಇಂದು ಯಾರೂ ತಡೆಯರು. ಆದರೆ ಹೆತ್ತವರಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ದೇವರಿಗೆ ಮುಡಿಪು, ಎಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸುಸ್ವಾಮಿ ಎಷ್ಟು ಕಟುವಾಗಿ ಖಂಡಿಸಿದರೆಂಬುದು ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿದೆ. ವಿಧವೆಯಾಗಲಿರುವ ಮಡದಿಯ, ಬಡತನದಲ್ಲಿರುವ ಮಗಳ ಪಾಲನ್ನು ಕಿತ್ತು ಗಂಟೆಗೋಪುರ ಕಟ್ಟಿಸುವುದು ಕಾಣಿಕೆಯಲ್ಲ.

ಬರೆಯುವುದು ಹೇಗೆ?

ಉಯಿಲು ಸರಳ ಕೆಲಸ. ಪ್ರಾಯಕ್ಕೆ ಬಂದ, ಬುದ್ಧಿ ನೆಟ್ಟಗಿರುವ ಯಾರೂ ಬರೆಯಬಹುದು. ಗಂಡನಷ್ಟೇ ಅಲ್ಲ, ತನ್ನ ಹೆಸರಿನಲ್ಲಿ ಸ್ವತ್ತಿರುವ ಹೆಂಡತಿಯೂ ಬರೆಯಬೇಕು. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ, ಠೇವಣಿ, ಸಾಲ ಎಲ್ಲವನ್ನೂ ಬಿಡಿಸಿ ಬರೆಯಿರಿ. ಹಕ್ಕುಪತ್ರವಿಲ್ಲದ ಒತ್ತುವರಿ ನೆಲವನ್ನು ನಿಮ್ಮದೆಂದು ಬರೆದು ಮಕ್ಕಳಿಗೆ ಜಗಳವನ್ನು ಬಿಟ್ಟುಹೋಗಬೇಡಿ. ಇಬ್ಬರು ಸಾಕ್ಷಿಗಳು ನೀವು ಸಹಿ ಮಾಡುವುದನ್ನು ಕಂಡು, ನಿಮ್ಮ ಎದುರೇ ತಾವೂ ಸಹಿ ಮಾಡಬೇಕು. ಆಸ್ತಿ ಪಡೆಯುವವರನ್ನಾಗಲಿ ಅವರ ಗಂಡ ಹೆಂಡಿರನ್ನಾಗಲಿ ಸಾಕ್ಷಿ ಮಾಡಬೇಡಿ. ಮಾಡಿದರೆ ಅವರಿಗೆ ಬರೆದದ್ದೇ ಅಸಿಂಧುವಾಗುತ್ತದೆ. ಬರೆದ ನಂತರ ನೀವು ಮದುವೆಯಾದರೆ, ಮರುಮದುವೆಯಾದರೂ ಸರಿ, ಹಳೆಯ ಉಯಿಲು ತಾನಾಗಿಯೇ ರದ್ದಾಗುತ್ತದೆ, ಹೊಸದನ್ನು ಬರೆಯಲೇಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಕ್ಷೇಮ. ಬರೆದದ್ದನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡಲೂ ಅವಕಾಶವಿದೆ.

ಎಲ್ಲಕ್ಕೂ ಮೊದಲು ಮಡದಿಯನ್ನು ನೆನೆಯಿರಿ. ಮನೆಯ ಹೆಸರು ಆಕೆಗೇ ಇರಲಿ. ಅಷ್ಟಾಗದಿದ್ದರೆ, ಆಕೆಯ ಜೀವಮಾನವಿಡೀ ಆ ಮನೆಯಲ್ಲಿ ಇರುವ, ತೋಟದ ಇಂತಿಷ್ಟು ಉತ್ಪನ್ನವನ್ನು ಅನುಭವಿಸುವ ಹಕ್ಕನ್ನು ಬರೆದಿಡಿ. ಕಾಯ್ದೆ ಆಕೆಗೆ ಮೂರರಲ್ಲೊಂದು ಪಾಲು ಕೊಡುತ್ತದೆ. ಉಯಿಲು ಬರೆದು ಅದಕ್ಕಿಂತ ಕಡಿಮೆ ಕೊಡುವ ಗಂಡ ಮದುವೆಯ ದಿನ ಪೀಠದ ಮುಂದೆ ಕೊಟ್ಟ ಮಾತನ್ನು ಒಮ್ಮೆ ನೆನೆಯಲಿ. ಮಕ್ಕಳಿಗೆ ಮಣ್ಣಿನಲ್ಲಿ ಸಮಪಾಲು ಕೊಡಲಾಗದಿದ್ದರೆ ಬೆಲೆಯಲ್ಲಿ ಕೊಡಿ: ತೋಟದಲ್ಲಿ ದುಡಿದ ಮಗನಿಗೆ ನೆಲ, ದೂರದಲ್ಲಿರುವ ಮಗಳಿಗೆ ಅದಕ್ಕೆ ಸ

ಮನಾದ ಠೇವಣಿಯೋ ಪೇಟೆಯ ನಿವೇಶನವೋ. ಕೊನೆಗೆ, ಹೀಗೇಕೆ ಹಂಚಿದೆ ಎಂಬುದಕ್ಕೆ ನಾಲ್ಕು ಸಾಲು ಕಾರಣ ಬರೆಯಿರಿ. ಮಕ್ಕಳನ್ನು ಕಾಡುವುದು ಎಷ್ಟೋ ಬಾರಿ ಕಡಿಮೆ ಸಿಕ್ಕ ಪಾಲಲ್ಲ, ಕಾರಣ ತಿಳಿಯದ ಪಾಲು.

'ಸಾವಿನ ಮಾತೆತ್ತಿದರೆ ಮನೆಗೆ ಒಳ್ಳೆಯದಲ್ಲ' ಎನ್ನುತ್ತೀರಾ? ಪ್ರತಿ ನವೆಂಬರ್ 2ರಂದು ಸಮಾಧಿಗಳ ನಡುವೆ ಮೇಣದಬತ್ತಿ ಹಚ್ಚಿ ನಿಲ್ಲುವ ನಾವು ಸಾವಿನ ಮಾತಿಗೆ ಹೆದರುವುದು ವಿಚಿತ್ರ. 'ಈಗಲೇ ಹೇಳಿದರೆ ಜಗಳವಾಗುತ್ತದೆ' ಎನ್ನುತ್ತೀರಾ? ಆಗಲಿ. ನೀವಿರುವಾಗ ಆಗುವ ಜಗಳವನ್ನು ಒಂದು ರಾತ್ರಿ ಊಟಕ್ಕೆ ಕೂರಿಸಿ ನೀವು ಆರಿಸಬಲ್ಲಿರಿ. ನೀವು ಹೋದ ಮೇಲೆ ಹತ್ತಿದ ಬೆಂಕಿಯನ್ನು ಆರಿಸುವವರು ಯಾರು? ಸ್ವಾಸ್ತ್ಯವನ್ನು ಪಾಲುಮಾಡಿಕೊಡಲು ನನ್ನ ಅಣ್ಣನಿಗೆ ಹೇಳಿರೆಂದು ಒಬ್ಬಾತ ಗುಂಪಿನ ನಡುವಿನಿಂದ ಕೇಳಿಕೊಂಡಾಗ, ನನ್ನನ್ನು ನಿಮ್ಮ ಪಾಲುಗಾರನಾಗಿ ನೇಮಿಸಿದವರು ಯಾರೆಂದು ಯೇಸುಸ್ವಾಮಿಯೇ ಹಿಂದೆ ಸರಿದರು. ಅವರೇ ಒಲ್ಲೆನೆಂದ ಕೆಲಸವನ್ನು ನಮ್ಮ ಧರ್ಮಕೇಂದ್ರದ ಗುರುಗಳ ತಲೆಗೆ ಕಟ್ಟುವುದು ಬೇಡ. ಪಾಲು ಮಾಡಬೇಕಾದವರು ನೀವೇ, ಕೈಯಲ್ಲಿ ಲೇಖನಿ ಹಿಡಿಯುವ ಶಕ್ತಿ ಇರುವಾಗಲೇ.

ಈ ವರ್ಷದ ಕೊಯ್ಲು ಮುಗಿದು, ಕಣದಲ್ಲಿ ಕಾಫಿ ಒಣಗುತ್ತಿರುವ ಒಂದು ಸಂಜೆ, ಗಂಡ ಹೆಂಡತಿ ಇಬ್ಬರೂ ಕುಳಿತು ಬರೆಯಿರಿ. ಈಸ್ಟರ್ ಹಬ್ಬಕ್ಕೆ ಮಕ್ಕಳು ಬಂದಾಗ, ಮಗಳನ್ನೂ ಅಳಿಯನನ್ನೂ ಸೇರಿಸಿಕೊಂಡು, ಜಗಲಿಯಲ್ಲಿ ಕೂರಿಸಿ ಓದಿಹೇಳಿ. ಮುಂದೆ ಒಂದು ದಿನ ಅದೇ ಜಗಲಿಯಲ್ಲಿ, ಮೂವತ್ತನೆಯ ದಿನದ ಪೂಜೆಯ ನಂತರ, ಯಾರಾದರೂ 'ತೋಟದ ವಿಷಯ ಏನು?' ಎಂದು ಕೇಳಿದರೆ ನಿಮ್ಮ ಮಕ್ಕಳು ಒಂದೇ ಮಾತಿನಲ್ಲಿ ಉತ್ತರಿಸುವಂತಾಗಲಿ: "ಅಪ್ಪ ಹೇಳಿಹೋಗಿದ್ದಾರೆ."